ನಾಡಿ ಹಿಡಿದ ಕೈಗೆ ಮೂರು ಚೆಂಡು

ಕಾಸರಗೋಡು ಜಿಲ್ಲೆಯ ಕುಂಬಳೆಯ ಒಂದು ಸಣ್ಣ ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವುದು ನನ್ನ ಕೆಲಸ. ಮದುವೆಗೆ ಮುಂಚಿನಿಂದಲೂ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಸಕ್ಕರೆ ಕಾಯಿಲೆಯವರು, ಬಸುರಿಯರು, ಗಲ್ಫಿಗೆ ಹೋಗುವ ಮುಂಚೆ ಮೆಡಿಕಲ್ ಮಾಡಿಸಲು ಬರುವವರು. ಎಷ್ಟೋ ಮಂದಿಯ ಹೆಸರು ಮರೆತರೂ ಅವರ ಮೊಣಕೈಯ ಒಳಬದಿಯಲ್ಲಿ ನರ ಎಲ್ಲಿದೆ ಎಂಬುದು ನೆನಪಿರುತ್ತದೆ. ನನ್ನ ಕೈಯಲ್ಲಿ ಎರಡನೇ ಸಲ ಚುಚ್ಚಿಸಿಕೊಳ್ಳಬೇಕಾಗುವುದಿಲ್ಲ ಎಂದು ಜನ ನನಗಾಗಿ ಕಾದು ಕುಳಿತುಕೊಳ್ಳುತ್ತಿದ್ದರು. ಅಂಥ ಕೈ ಒಂದು ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ ಬಂದಿದ್ದ ಅಜ್ಜಿಯೊಬ್ಬರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದ ಮೇಲೆ, ಸೂಜಿ ಹಿಡಿದು ಹಾಗೆಯೇ ನಿಂತುಬಿಟ್ಟಿತು.

ಮೊದಲು ಬೆರಳು ಮರಗಟ್ಟಿತು. ಆಮೇಲೆ ಎದೆಯೊಳಗೆ ಯಾರೋ ಬಾಗಿಲು ಬಡಿದ ಹಾಗೆ. ಉಸಿರು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಸಾಯುತ್ತಿದ್ದೇನೆ ಎನ್ನುವುದರಲ್ಲಿ ನನಗೆ ಆಗ ಸ್ವಲ್ಪವೂ ಸಂಶಯವಿರಲಿಲ್ಲ. ಉಮೇಶರಿಗೆ ಆದದ್ದೇ ನನಗೂ ಆಗುತ್ತಿದೆ ಎಂದುಕೊಂಡೆ. ಅಜ್ಜಿ ಮತ್ತೊಂದು ಕೈಯಲ್ಲಿ ತಾವೇ ಪಟ್ಟಿ ಬಿಚ್ಚಿಕೊಂಡು ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು.

ಉಮೇಶ್ ನನ್ನ ಗಂಡ. ಶಾರ್ಜಾದ ಒಂದು ಅಂಗಡಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಅದಕ್ಕಿಂತ ಒಂದು ವರ್ಷದ ಹಿಂದೆ, ಕೆಲಸಕ್ಕೆ ಹೊರಡುವ ಹೊತ್ತಿಗೆ ರೂಮಿನಲ್ಲಿ ಬೂಟಿನ ಲೇಸು ಕಟ್ಟುತ್ತಾ ಮುಂದಕ್ಕೆ ಬಿದ್ದವರು ಏಳಲಿಲ್ಲ. ಹೃದಯಾಘಾತ ಎಂದರು. ಮಂಗಳೂರು ವಿಮಾನ ನಿಲ್ದಾಣದಿಂದ ಆಂಬುಲೆನ್ಸಿನಲ್ಲಿ ಪೆಟ್ಟಿಗೆ ಬಂತು. ಮೊಗ್ರಾಲಿನ ನಮ್ಮ ಮನೆ ಹೊಳೆ ಸಮುದ್ರ ಸೇರುವ ಕಡೆಗೆ ಹೋಗುವ ದಾರಿಯಲ್ಲಿ ಇದೆ. ಆಂಬುಲೆನ್ಸ್ ಅಂಗಳದವರೆಗೆ ಬರಲಾಗದೆ ಪೆಟ್ಟಿಗೆಯನ್ನು ಹೊತ್ತು ತಂದರು. ಮುಖ ಮಾತ್ರ ನೋಡಲು ಬಿಟ್ಟರು. ಅವರ ತಾಯಿ, ನಾನು ಮಾಮಿ ಎಂದು ಕರೆಯುವವರು, ಅಳಲಿಲ್ಲ. ಮಗನ ಹಣೆಯನ್ನು ಒಮ್ಮೆ ಸೆರಗಿನಿಂದ ಒರೆಸಿ ಹಿಂದೆ ಸರಿದರು.

ನಮಗೆ ಮಕ್ಕಳಿಲ್ಲ. ಅಗಲ್ಪಾಡಿಯಿಂದ ಅಣ್ಣ ಬಂದು, ಇನ್ನು ತವರಿಗೆ ಬಂದುಬಿಡು ಎಂದ. ಕೆಲಸದ ನೆಪ ಹೇಳಿ ಉಳಿದೆ. ನಿಜವಾಗಿ, ಮಾಮಿಯನ್ನು ಬಿಟ್ಟು ಹೇಗೆ ಹೋಗುವುದೆಂದು ತಿಳಿಯಲಿಲ್ಲ. ಹಾಗೆಂದು ನಾವಿಬ್ಬರೂ ಮಾತಾಡಿಕೊಳ್ಳುತ್ತಿದ್ದೆವು ಎಂದಲ್ಲ. ಅವರು ಅಡುಗೆ ಮಾಡುತ್ತಿದ್ದರು, ನಾನು ಉಂಡು ಲ್ಯಾಬಿಗೆ ಹೋಗುತ್ತಿದ್ದೆ. ಉಮೇಶರ ಹೆಸರು ಆ ಮನೆಯಲ್ಲಿ ಯಾರ ಬಾಯಿಯಿಂದಲೂ ಬರುತ್ತಿರಲಿಲ್ಲ.

ಲ್ಯಾಬಿನಲ್ಲಿ ಹಾಗಾದ ದಿನ ಇಸಿಜಿ ಮಾಡಿಸಿದರು. ಸರಿಯಿತ್ತು. ವಾರ ಕಳೆಯುವ ಮೊದಲೇ ಬಸ್ಸಿನಲ್ಲಿ ಮತ್ತೆ ಬಂತು, ಹೆದ್ದಾರಿ ಕೆಲಸದ ಧೂಳಿನಲ್ಲಿ ಬಸ್ಸು ನಿಂತಲ್ಲೇ ನಿಂತಿದ್ದಾಗ. ಆಮೇಲೆ ಸ್ನಾನದ ಮನೆಯಲ್ಲಿ, ಮೀನು ಮಾರುವವರ ಮುಂದೆ, ಯಾರದೋ ಮದುವೆಯ ಊಟದ ಸಾಲಿನಲ್ಲಿ. ಪ್ರತಿ ಸಲವೂ ಆಸ್ಪತ್ರೆ. ಮಂಗಳೂರಿಗೆ ಹೋಗಿ ದೊಡ್ಡ ಡಾಕ್ಟರನ್ನು ಕಂಡೆವು. ಓಡುವ ಬೆಲ್ಟಿನ ಮೇಲೆ ನಡೆಸಿದರು, ಎದೆಗೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ನಿಮಗೆ ಏನೂ ಇಲ್ಲ ಎಂದರು. ಆ ಮಾತು ಕೇಳಿ ಸಮಾಧಾನವಾಗುವುದು ಲಿಫ್ಟಿನಲ್ಲಿ ಕೆಳಗಿಳಿಯುವವರೆಗೆ ಮಾತ್ರ. ಉಮೇಶರಿಗೂ ಏನೂ ಇರಲಿಲ್ಲವಲ್ಲ. ಗಲ್ಫಿಗೆ ಹೋಗುವಾಗಿನ ಮೆಡಿಕಲ್ಲಿನಲ್ಲಿ ಎಲ್ಲವೂ ಸರಿಯಿತ್ತು.

ಕಾಯುವ ಕೋಣೆಗಳಲ್ಲಿ ಕುಳಿತು ಒಂದು ಅಭ್ಯಾಸ ಅಂಟಿಕೊಂಡಿತು. ಬಲಗೈಯ ಬೆರಳು ಸದಾ ಎಡಗೈಯ ನಾಡಿಯ ಮೇಲೆ. ಉಣ್ಣುವಾಗ ಹೇಗೋ ಬಿಡುತ್ತಿದ್ದೆ, ಕೈ ತೊಳೆದ ಕೂಡಲೇ ಮತ್ತೆ ಅಲ್ಲಿಗೇ. ಒಂದು ಬಡಿತ ಸ್ವಲ್ಪ ತಡವಾದಂತೆ ತೋರಿದರೆ ಸಾಕು, ಬೆನ್ನಿನಲ್ಲಿ ಬೆವರು. ಲ್ಯಾಬಿನಲ್ಲಿ ರಕ್ತ ತೆಗೆಯುವುದು ಬಿಟ್ಟು ಕಂಪ್ಯೂಟರಿನ ಮುಂದೆ ಕುಳಿತೆ. ನನಗಾಗಿ ಕಾಯುತ್ತಿದ್ದವರು ಬಂದು, ಇವತ್ತು ನೀವು ಇಲ್ವಾ ಎಂದು ಕೇಳುವಾಗ ತಲೆ ತಗ್ಗಿಸುತ್ತಿದ್ದೆ.

ಮನೆಯವರ ವಿಷಯಕ್ಕೆ ಬಂದರೆ, ಅಣ್ಣ ಜೋಯಿಸರಲ್ಲಿ ಪ್ರಶ್ನೆ ಇಡಿಸೋಣ ಎಂದ. ಅತ್ತಿಗೆ, ಸ್ವಲ್ಪ ಗಟ್ಟಿ ಮನಸ್ಸು ಮಾಡಬೇಕು ಎಂದಳು. ಅವರು ಪ್ರೀತಿಯಿಂದಲೇ ಹೇಳಿದ್ದು. ಮಾಮಿ ಹೇಳಿದ್ದು ಒಂದೇ ಸಲ. ನಾನು ಮೂಲೆಯಲ್ಲಿ ನಾಡಿ ಹಿಡಿದು ಕುಳಿತಿದ್ದೆ; ಅವರು ಅನ್ನದ ಪಾತ್ರೆ ಇಳಿಸುತ್ತಾ ನನ್ನ ಕಡೆ ನೋಡದೆ ಹೇಳಿದರು.

"ಹೋದದ್ದು ನನ್ನ ಮಗ. ನಾನು ಉಣ್ಣುದಿಲ್ವಾ? ನಿನಗೆ ಮಾತ್ರ ಎಂತ ವಿಶೇಷ ಉಂಟು?"

ಮನೆಯಲ್ಲಿ ನಾವಾಡುವುದು ತುಳು. ಕನ್ನಡದಲ್ಲಿ ಬರೆಯುವಾಗ ಈ ಮಾತು ಸ್ವಲ್ಪ ಮೆತ್ತಗಾಗಿದೆ. ಆ ದಿನ ನಾನು ಉಣ್ಣಲಿಲ್ಲ.

ಕೊನೆಗೆ ಮಂಗಳೂರಿನ ಆ ಹೃದಯದ ಡಾಕ್ಟರೇ, ಇದು ಆತಂಕದ ಕಾಯಿಲೆ, ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ಕಾಸರಗೋಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಆ ವಿಭಾಗದ ಮುಂದೆ ಬೆಂಚುಗಳಿದ್ದವು. ದುಪಟ್ಟಾ ಮುಖಕ್ಕೆ ಎಳೆದುಕೊಂಡು ಕುಳಿತೆ. ಎದುರಿನ ಬೆಂಚಿನಲ್ಲಿ ನಮ್ಮ ಲ್ಯಾಬಿಗೆ ಬರುವ ಹೆಂಗಸೊಬ್ಬರು ಇದ್ದರು. ಇಬ್ಬರೂ ಒಬ್ಬರನ್ನೊಬ್ಬರು ಕಂಡೆವು, ಇಬ್ಬರೂ ಮುಖ ತಿರುಗಿಸಿದೆವು. ಬಹಳ ಹೊತ್ತಿನ ಮೇಲೆ ಅವರು ಎದ್ದು ಹೊರಗೆ ಹೋಗಿ ಎರಡು ಕಾಗದದ ಲೋಟದಲ್ಲಿ ಚಹಾ ತಂದು, ಒಂದನ್ನು ನನ್ನ ಪಕ್ಕ ಇಟ್ಟು, ಏನೂ ಹೇಳದೆ ತಮ್ಮ ಜಾಗಕ್ಕೆ ಹೋಗಿ ಕುಳಿತರು. ಆ ವರ್ಷ ನನಗೆ ಸಿಕ್ಕಿದ ಉಪಕಾರಗಳಲ್ಲಿ ಅದನ್ನೇ ನಾನು ದೊಡ್ಡದೆಂದು ತಿಳಿದಿದ್ದೇನೆ.

ಡಾಕ್ಟರು ಮಾತ್ರೆ ಬರೆದರು. ಜೊತೆಗೆ ಕೌನ್ಸೆಲಿಂಗಿಗೆ ಕಳಿಸಿದರು. ಅಲ್ಲಿದ್ದವರು ಸಿಂಧು ಮೇಡಂ, ಕಣ್ಣೂರಿನ ಕಡೆಯವರು. ಅವರದು ಮಲಯಾಳಂ, ನನಗೂ ಅದು ಬರುತ್ತದೆ. ನಾನು ಹೇಳುವುದನ್ನೆಲ್ಲ ಕೇಳಿದರು. ಕೇಳುತ್ತಾ ಅವರ ಕಣ್ಣು ನನ್ನ ಮಣಿಕಟ್ಟಿನ ಮೇಲೇ ಇತ್ತು. ಎರಡೋ ಮೂರೋ ಸಲ ಹೋದ ಮೇಲೆ ಒಂದು ದಿನ ಮೇಜಿನ ಡ್ರಾಯರಿನಿಂದ ಬಟ್ಟೆಯ ಮೂರು ಚೆಂಡು ತೆಗೆದಿಟ್ಟರು. ಈ ಕೈಗಳಿಗೆ ಬೇರೆ ಏನಾದರೂ ಕೆಲಸ ಕೊಡೋಣ ಎಂದರು.

ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ. ಗಂಡ ಸತ್ತಿದ್ದಾನೆ, ನನ್ನ ಜೀವ ಹೋಗುತ್ತಿದೆ, ಇವರು ಸರ್ಕಸ್ಸಿನವರ ಹಾಗೆ ಚೆಂಡು ಹಾರಿಸು ಎನ್ನುತ್ತಿದ್ದಾರೆ. ಅದನ್ನೇ ಹೇಳಿದೆ. ಅವರಿಗೆ ಬೇಸರವಾಗಲಿಲ್ಲ. ಇದು ಎಲ್ಲರಿಗೂ ಹಿಡಿಸುವುದಿಲ್ಲ, ಮಾತ್ರೆಗೆ ಬದಲು ಅಂತೂ ಅಲ್ಲವೇ ಅಲ್ಲ, ಬೇಡ ಎನಿಸಿದರೆ ಬಿಡಿ ಎಂದರು. ಒಂದು ಚೆಂಡನ್ನು ಬಲಗೈಯಿಂದ ಕಣ್ಣಿನ ಎತ್ತರಕ್ಕೆ ಎಸೆದು ಎಡಗೈಯಲ್ಲಿ ಹಿಡಿದು ತೋರಿಸಿದರು. ಎಸೆಯುವುದನ್ನು ಮಾತ್ರ ಕಲಿಯಿರಿ, ಹಿಡಿಯುವುದರ ಚಿಂತೆ ಬೇಡ, ಬಿದ್ದರೆ ಬೀಳಲಿ ಎಂದರು. ಮೂರನ್ನೂ ನನ್ನ ಚೀಲಕ್ಕೆ ಹಾಕಿದರು.

ಕೆಲವು ದಿನ ಚೀಲದಲ್ಲೇ ಇದ್ದವು. ಒಂದು ಸಂಜೆ ಎದೆ ಹಿಡಿದಂತಾಗಿ, ಮಾಮಿಗೆ ತೋರಿಸಿಕೊಳ್ಳಲು ಮನಸ್ಸಿಲ್ಲದೆ ಕೋಣೆಯ ಬಾಗಿಲು ಹಾಕಿಕೊಂಡು ಒಂದು ಚೆಂಡು ತೆಗೆದೆ. ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ. ಮೇಡಂ ಹೇಳಿದಂತೆ ಮಂಚದ ಎದುರು ನಿಂತಿದ್ದೆ, ಬಿದ್ದರೆ ಹಾಸಿಗೆಯ ಮೇಲೆ ಬೀಳಲಿ, ಬಗ್ಗಬೇಕಾಗದಿರಲಿ ಎಂದು. ಎದೆಬಡಿತ ನಿಲ್ಲಲಿಲ್ಲ. ಆದರೆ ಎರಡು ಕೈಗೂ ಕೆಲಸವಿದ್ದುದರಿಂದ ನಾಡಿ ನೋಡುವವರು ಯಾರೂ ಇರಲಿಲ್ಲ. ಬಡಿತ ತನ್ನಷ್ಟಕ್ಕೆ ಬಡಿಯಿತು, ತನ್ನಷ್ಟಕ್ಕೆ ಇಳಿಯಿತು.

ಎರಡು ಚೆಂಡಿಗೆ ಬಂದಾಗ ಕಷ್ಟವಾಯಿತು. ಮೊದಲನೆಯದು ಮೇಲೆ ಹೋಗಿ ಇಳಿಯಲು ಶುರುವಾದಾಗ ಎರಡನೆಯದನ್ನು ಬಿಡಬೇಕು. ನಾನು ಗಾಬರಿಯಿಂದ ಎರಡನ್ನೂ ಒಟ್ಟಿಗೇ ಎಸೆಯುತ್ತಿದ್ದೆ. ಕಾಯಬೇಕು, ತುಂಬ ಹೊತ್ತಲ್ಲ, ಕಣ್ಣು ಮಿಟುಕಿಸುವಷ್ಟು. ಅಷ್ಟು ಕಾಯಲು ಕಲಿಯುವುದಕ್ಕೆ ಒಂದು ತಿಂಗಳೇ ಹಿಡಿಯಿತೋ ಏನೋ. ನಡುವೆ ಬೇಸರವಾದರೆ ಅಂಗಳ ಗುಡಿಸುವ ಹಿಡಿಸೂಡಿಯ ಕಡ್ಡಿಯನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸುವುದನ್ನು ಹೇಳಿಕೊಟ್ಟಿದ್ದರು. ಕೈಯನ್ನು ನೋಡಿದರೆ ಕಡ್ಡಿ ಬೀಳುತ್ತದೆ, ತುದಿಯನ್ನು ನೋಡಿದರೆ ನಿಲ್ಲುತ್ತದೆ. ಅದರ ಹಿಂದೆ ಅಂಗಳದಲ್ಲಿ ಓಡಾಡುತ್ತಿದ್ದಾಗ ಪಕ್ಕದ ಮನೆಯವರು ಬೇಲಿಯಿಂದ ನೋಡಿ ಒಳಗೆ ಹೋದರು. ಉಮೇಶನ ಹೆಂಡತಿಗೆ ತಲೆ ಸರಿ ಇಲ್ಲ ಎಂಬ ಮಾತು ಬಸ್ ಸ್ಟಾಪಿನವರೆಗೂ ಹೋಗಿತ್ತು ಎಂದು ಆಮೇಲೆ ತಿಳಿಯಿತು.

ಮಾಮಿ ಏನೂ ಕೇಳಲಿಲ್ಲ. ಒಂದು ದಿನ ಒಂದು ಚೆಂಡಿನ ಹೊಲಿಗೆ ಬಿಟ್ಟು ಒಳಗಿದ್ದ ಹುರುಳಿ ಕೋಣೆಯೆಲ್ಲ ಚೆಲ್ಲಿತು. ನಾನು ಲ್ಯಾಬಿನಿಂದ ಬರುವಾಗ ಅದು ಹಳೆಯ ಲಂಗದ ಬಟ್ಟೆಯಲ್ಲಿ ಹೊಸದಾಗಿ ಹೊಲಿದು ಮೇಜಿನ ಮೇಲಿತ್ತು. ಮೊದಲಿಗಿಂತ ಸ್ವಲ್ಪ ಭಾರವಾಗಿತ್ತು. ಮರುದಿನ ನೋಡಿದರೆ ಉಳಿದೆರಡನ್ನೂ ಬಿಚ್ಚಿ ಅದೇ ತೂಕಕ್ಕೆ ತಂದಿದ್ದರು.

ಮೂರು ಚೆಂಡು ಒಂದು ಸುತ್ತು ನಿಲ್ಲದೆ ಹೋದ ದಿನ ನನಗೆ ನಗು ಬಂತು. ಉಮೇಶ್ ಹೋದ ಮೇಲೆ ಅದು ಮೊದಲನೆಯ ನಗು. ಕೂಡಲೇ ಅಳುವೂ ಬಂತು, ಏಕೆಂದರೆ ಅದನ್ನು ವಿಡಿಯೊ ಮಾಡಿ ನಾನು ಕಳಿಸಬೇಕಾಗಿದ್ದದ್ದು ಅವರೊಬ್ಬರಿಗೇ.

ಇಲ್ಲಿಂದ ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸ್ವಲ್ಪ ಹಗುರವಾದದ್ದೇ ತಡ, ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಿದೆ. ಕೆಲವೇ ದಿನಗಳಲ್ಲಿ ಮೊದಲಿಗಿಂತ ಜೋರಾಗಿ ಬಂತು. ಚೆಂಡು ಹಿಡಿಯಲು ಬೆರಳೇ ಮಡಚಲಿಲ್ಲ. ಸಿಂಧು ಮೇಡಂ ನನ್ನನ್ನು ಬಯ್ಯಲಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮತ್ತೆ ಮಾತ್ರೆ ಶುರು ಮಾಡಿಸಿದರು. ಮನೆಗೆ ಬಂದು ಮಾಮಿಗೆ, ಈ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದಂತೆ ಎಂದು ಹೇಳಿದೆ. ಅವರು ಹೂಂ ಎಂದರು ಅಷ್ಟೇ.

ಆಮೇಲೊಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ ನಾನು ಜಗಲಿಯಲ್ಲಿ ನಿಂತು ಆಡುತ್ತಿದ್ದಾಗ ಮಾಮಿ ಬಂದು ಎದುರು ಕುಳಿತರು. ನೋಡುತ್ತಾ ನೋಡುತ್ತಾ ಕೈ ಚಾಚಿ, ಒಂದನ್ನು ಇತ್ತ ಬಿಡು ಎಂದರು. ಎಸೆದೆ. ಹಿಡಿದರು. ತಿರುಗಿ ಎಸೆದರು. ಎಪ್ಪತ್ತು ದಾಟಿದ ಕೈ ಒಂದನ್ನೂ ಬೀಳಿಸಲಿಲ್ಲ. ಹೀಗೆ ಸ್ವಲ್ಪ ಹೊತ್ತು ನಡೆಯಿತು. ಚೆಂಡು ಆಚೆ ಈಚೆ ಹೋಗುತ್ತಿರುವಾಗಲೇ ಅವರು ಮಾತು ಶುರು ಮಾಡಿದರು, ದನಿ ಏರಿಸದೆ, ಚೆಂಡಿನ ಮೇಲಿಂದ ಕಣ್ಣು ತೆಗೆಯದೆ.

"ಆ ದಿನ ಬೆಳಿಗ್ಗೆ ಅವ ಫೋನ್ ಮಾಡಿದ್ದ. ಎದೆ ಹಿಡಿದ ಹಾಗೆ ಆಗ್ತದೆ ಅಮ್ಮ, ಗ್ಯಾಸ್ ಇರ್ಬೇಕು ಅಂದ. ಜೀರಿಗೆ ನೀರು ಕುಡಿ ಅಂದೆ. ಇವತ್ತು ರಜೆ ಹಾಕ್ಲಾ ಅಂತ ಕೇಳಿದ. ಬೇಡ, ಊರಿಗೆ ಬರ್ಲಿಕ್ಕೆ ರಜೆ ಬೇಕಲ್ಲ, ಈಗ ಯಾಕೆ ಹಾಳು ಮಾಡುದು ಅಂದೆ. ಅವ ಆಯ್ತು ಅಂದ."

ನನ್ನ ಕೈಗೆ ಬಂದ ಚೆಂಡನ್ನು ನಾನು ತಿರುಗಿ ಎಸೆಯಲಿಲ್ಲ.

ಉಮೇಶ್ ದಿನಾ ಬೆಳಗ್ಗೆ ತಾಯಿಗೂ ಸಂಜೆ ನನಗೂ ಫೋನ್ ಮಾಡುವವರು. ಆ ಬೆಳಗಿನ ಮಾತು ಇಷ್ಟು ಕಾಲ ಆ ಮನೆಯಲ್ಲೇ ಇತ್ತು, ಅಡುಗೆ ಮಾಡುತ್ತಾ, ನೆಲ ಒರೆಸುತ್ತಾ, ನನ್ನ ಎದುರೇ. ಆ ಫೋನು ನನಗೆ ಬಂದಿದ್ದರೆ ಎಂದು ಯೋಚಿಸಿದೆ. ಎದೆ ಹಿಡಿದು ಬಂದವರನ್ನು ದಿನಾ ನೋಡುವವಳು ನಾನು. ಈಗಲೇ ಆಸ್ಪತ್ರೆಗೆ ಹೋಗಿ ಎನ್ನುತ್ತಿದ್ದೆ. ಉಮೇಶ್ ಬದುಕಿರುತ್ತಿದ್ದರು. ಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿ ಅಗಲ್ಪಾಡಿಗೆ ಹೊರಟೆ. ಮಾಮಿ ಜಗಲಿಯಿಂದ ಏಳಲೂ ಇಲ್ಲ, ಎಲ್ಲಿಗೆ ಎಂದು ಕೇಳಲೂ ಇಲ್ಲ.

ಅಣ್ಣನ ಮನೆ ತಲುಪಿದ ಮೇಲೆ ನೋಡಿದರೆ ಮಾತ್ರೆ ಮೊಗ್ರಾಲಿನಲ್ಲೇ ಉಳಿದಿತ್ತು. ಹತ್ತಿರದ ಪೇಟೆ ಬದಿಯಡ್ಕಕ್ಕೆ ಹೋಗಿ ತರುತ್ತೇನೆಂದರೆ ಡಾಕ್ಟರ ಚೀಟಿಯೂ ಅಲ್ಲೇ. ಆ ಸಂಜೆ ಅತ್ತಿಗೆ ಕಷಾಯ ಮಾಡಿಕೊಟ್ಟಳು. ನಾನು ಮಲಗಿ ಮಾಡಿನ ಹಂಚು ನೋಡುತ್ತಾ ಮಾಮಿಯನ್ನು ಮನಸ್ಸಿನಲ್ಲೇ ಬಯ್ಯುತ್ತಿದ್ದೆ.

ಮರುದಿನ ಬೆಳಗ್ಗೆ ಹತ್ತರ ಸುಮಾರಿಗೆ ಅಂಗಳದ ತುದಿಯಲ್ಲಿ ಮಾಮಿ ನಿಂತಿದ್ದರು. ಮೊಗ್ರಾಲಿನಿಂದ ಕುಂಬಳೆ, ಅಲ್ಲಿಂದ ಬದಿಯಡ್ಕ, ಮತ್ತೆ ಇನ್ನೊಂದು ಬಸ್ಸು. ಉಮೇಶ್ ಹೋದ ಮೇಲೆ ಅವರು ಬಸ್ಸು ಹತ್ತಿದ್ದೇ ಇಲ್ಲ. ಅಣ್ಣ ಒಳಗೆ ಕರೆದರೂ ಬರಲಿಲ್ಲ. ನಾನು ಇಳಿದು ಹೋದೆ. ಸೊಂಟದ ಗಂಟಿನಿಂದ ಮಾತ್ರೆಯ ಪೊಟ್ಟಣ ತೆಗೆದು ಕೊಟ್ಟರು.

"ನೀನು ಬರ್ಬೇಕು ಅಂತ ಬಂದದ್ದಲ್ಲ ನಾನು. ಒಂದು ದಿನವೂ ತಪ್ಪಿಸ್ಬಾರ್ದು ಅಂತ ನೀನೇ ಹೇಳಿದ್ದಲ್ವಾ."

ಅವರ ಕೈ ನಡುಗುತ್ತಿತ್ತು. ಪ್ರಯಾಣದ ಸುಸ್ತು ಎಂದುಕೊಳ್ಳಬಹುದಿತ್ತು, ಆದರೆ ಆ ನಡುಕ ನನಗೆ ಚೆನ್ನಾಗಿ ಗೊತ್ತು. ಬೆರಳ ತುದಿಯಲ್ಲಿ ಶುರುವಾಗಿ ಮೊಣಕೈಗೆ ಹೋಗುವ ಹೊತ್ತಿಗೆ ಸಣ್ಣದಾಗುವ ನಡುಕ. ಅವರ ಮೇಲುತುಟಿಯಲ್ಲಿ ಬೆವರಿತ್ತು. ಬಸ್ಸಿನಲ್ಲಿ ಅವರಿಗೆ ಏನಾಗಿರಬೇಕು ಎಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಅವರು ಬಸ್ಸಿನ ಟಿಕೆಟ್ಟನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರ ಮೇಲಿನ ಸಿಟ್ಟು ಆ ಹೊತ್ತಿಗೇ ಹೋಯಿತು ಎಂದು ಹೇಳಲಾರೆ. ಈಗಲೂ ಕೆಲವು ದಿನ ಅದು ಬರುತ್ತದೆ. ಆದರೆ ಅಷ್ಟು ದೂರ ಬಂದವರನ್ನು ಒಬ್ಬರನ್ನೇ ಮೂರು ಬಸ್ಸು ಹತ್ತಿಸಿ ಕಳಿಸಲು ನನ್ನಿಂದ ಆಗಲಿಲ್ಲ. ಮಧ್ಯಾಹ್ನ ಉಂಡು ಇಬ್ಬರೂ ಹೊರಟೆವು.

ಅದಾದ ಮೇಲೆ ಸಂಜೆ ಜಗಲಿಯಲ್ಲಿ ಚೆಂಡಾಡುವುದು ನಡೆಯುತ್ತಾ ಬಂತು. ಉಮೇಶರ ಮಾತು ಬರುವುದೂ ಆಗಲೇ. ಚೆಂಡು ಹೋಗಿ ಬರುತ್ತಿರುವಾಗ ಮುಖ ನೋಡಬೇಕಾಗುವುದಿಲ್ಲ, ಅದೊಂದು ಅನುಕೂಲ. ಚಿಕ್ಕಂದಿನಲ್ಲಿ ಅವರು ಹೊಳೆಗೆ ಬಿದ್ದದ್ದು, ಬಂಗುಡೆ ಮೀನಿನ ತಲೆಯೇ ಬೇಕೆಂದು ಹಟ ಹಿಡಿಯುತ್ತಿದ್ದದ್ದು. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಕಿವಿ ಕೆಂಪಾಗುತ್ತಿತ್ತು ಎಂದು ನಾನು ಹೇಳಿದರೆ, ನನಗೂ ಗೊತ್ತುಂಟು ಎಂದು ಮಾಮಿ. ಆ ಫೋನಿನ ವಿಷಯ ಮಾತ್ರ ನಾವು ಮತ್ತೆ ಎತ್ತಲಿಲ್ಲ. ಡಾಕ್ಟರಿಗೆ ತೋರಿಸೋಣ ಎಂದರೆ ಅವರು ಕೇಳುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಎಂತ ಡಾಕ್ಟರು ಎನ್ನುತ್ತಿದ್ದರು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಗ್ಗೆ ಮೀನು ಕೊಯ್ಯುತ್ತಾ ಕುಳಿತಿದ್ದ ಮಾಮಿ ಕತ್ತಿ ಬಿಟ್ಟು ಗೋಡೆಗೆ ಒರಗಿದರು. ಎದೆಯ ಮೇಲೆ ಕೈ. ಮುಖ ಬಿಳಿಚಿಕೊಂಡಿತ್ತು. ನನ್ನದೇ ಕಾಯಿಲೆ ಇವರಿಗೂ ಇರಬಹುದು ಎಂದು ತಿಳಿದಿದ್ದರೂ, ಅದೇ ಇರಬೇಕು ಎಂದು ಕೂತು ನೋಡುವ ಧೈರ್ಯ ನನಗಿರಲಿಲ್ಲ. ಆಟೋ ಕರೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಎದೆಯೂ ಬಡಿಯುತ್ತಿತ್ತು. ಮಾಮಿಯ ಎರಡೂ ಕೈಯನ್ನು ನಾನು ಹಿಡಿದುಕೊಂಡಿದ್ದೆನೋ, ಅವರು ನನ್ನದನ್ನು ಹಿಡಿದಿದ್ದರೋ ಗೊತ್ತಿಲ್ಲ. ಅವರ ಕೈಯಿಂದ ಮೀನಿನ ವಾಸನೆ ಬರುತ್ತಿತ್ತು.

ಇಸಿಜಿ ಆಯಿತು, ರಕ್ತ ತೆಗೆದರು. ವರದಿ ಬರುವವರೆಗೆ ಕಾಯುವುದೇನು ಎಂದು ನನಗೆ ಗೊತ್ತು, ಆದರೆ ನಾನು ಸದಾ ಇದ್ದದ್ದು ಬಾಗಿಲಿನ ಒಳಗೆ, ರೋಗಿಯ ಹಾಸಿಗೆಯ ಮೇಲೆ. ಕೊನೆಗೆ ಡಾಕ್ಟರು ಬಂದು, ಅಜ್ಜಿಯ ಹೃದಯ ಚೆನ್ನಾಗಿದೆ, ಇದು ಗಾಬರಿಯಿಂದ ಆದದ್ದು ಎಂದರು. ನಾನು ಕುರ್ಚಿಯಲ್ಲಿ ಕುಳಿತುಬಿಟ್ಟೆ.

ಮಾಮಿ ಮಲಗಿದ್ದಲ್ಲಿಂದಲೇ ಕೇಳಿದರು, "ನನಗೆ ಎಂತದೂ ಇಲ್ವಾ?"

ಇಲ್ಲ ಎಂದೆ. ಅವರು ಬಹಳ ಹೊತ್ತು ಮೇಲೆ ತಿರುಗುವ ಫ್ಯಾನು ನೋಡಿದರು. ಆಮೇಲೆ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯತೊಡಗಿತು. ಪೆಟ್ಟಿಗೆ ಬಂದ ದಿನ ಬರದ ನೀರು.

"ಅವನದ್ದೂ ಇದೇ ಆಗಿದ್ದಿದ್ರೆ ಸಾಕಿತ್ತು ಅಲ್ವಾ ರೇವತಿ."

ಹೌದು ಮಾಮಿ ಎಂದೆ. ಅವರ ಹಾಸಿಗೆಯ ಅಂಚಿಗೆ ಹೋಗಿ ಕುಳಿತೆ. ಪಕ್ಕದ ಹಾಸಿಗೆಯವರು ಪರದೆ ಎಳೆದುಕೊಂಡರು, ನಾವು ಅಳುವುದಕ್ಕೆ ಜಾಗ ಬಿಡುವ ಹಾಗೆ.

ಇದನ್ನು ಬರೆಯುವಾಗ ನಾನು ಲ್ಯಾಬಿನಲ್ಲಿ ವಾರಕ್ಕೆ ಕೆಲವು ದಿನ ರಕ್ತ ತೆಗೆಯುತ್ತಿದ್ದೇನೆ. ಎಲ್ಲ ದಿನ ಆಗುವುದಿಲ್ಲ. ಮಾತ್ರೆ ನಡೆಯುತ್ತಿದೆ, ಪ್ರಮಾಣ ಕಡಿಮೆಯಾಗಿದೆ. ಬಸ್ಸು ಹೆದ್ದಾರಿಯಲ್ಲಿ ನಿಂತರೆ ಈಗಲೂ ಗಂಟಲು ಒಣಗುತ್ತದೆ. ಚೀಲದೊಳಗೆ ಕೈ ಹಾಕಿ ಒಂದು ಚೆಂಡನ್ನು ಒತ್ತಿ ಹಿಡಿಯುತ್ತೇನೆ. ನಿಮ್ಮಲ್ಲಿ ಯಾರಾದರೂ ಈಗ ಎಲ್ಲೋ ಒಂದು ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕುಳಿತಿದ್ದರೆ, ಎದುರಿನ ಬೆಂಚಿನಲ್ಲಿರುವವರಿಗೂ ಅದೇ ಆಗಿದೆ ಎಂದು ಹೇಳುವುದಕ್ಕಷ್ಟೇ ಇದನ್ನು ಬರೆದೆ.

ಮೊನ್ನೆ ಮಾಮಿಯನ್ನು ಮೊದಲ ಸಲ ಕಾಸರಗೋಡಿನ ಆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆ ವಿಭಾಗದ ಮುಂದೆ ಟೋಕನ್ ಬರೆಯುವ ನರ್ಸ್ ನಮ್ಮಿಬ್ಬರನ್ನೂ ನೋಡಿ, ರೋಗಿ ಯಾರು ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಮಾಮಿ ಸೆರಗು ಸರಿಮಾಡಿಕೊಂಡು ಹೇಳಿದರು.

"ಇಬ್ರೂ. ಒಟ್ಟಿಗೇ ಬರೀರಿ."